ಎಂಟು ಹಾಡುಗಳ ಕ್ಯಾಸೆಟ್ಟು: ಕೋಪನ್‌ಹೇಗನ್‌ನಿಂದ ಅರಮನೆ ಮೈದಾನಕ್ಕೆ

ಕ್ಯಾಸೆಟ್ ಬರುವ ತನಕ ಮಂಡ್ಯ ಸೀಮೆಯ ಊರುಗಳಲ್ಲಿ ಹಾಡು ಕೇಳುವುದೆಂದರೆ ಆಕಾಶವಾಣಿ ಹಾಕಿದ್ದನ್ನು ಕೇಳುವುದು, ಇಲ್ಲವೇ ಟೆಂಟಿನ ಮೈಕು ಕೂಗಿದ್ದನ್ನು ಕೇಳುವುದು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಹೊರಬಂತು. ಆಮೇಲೆ ಕವಿತೆಯೂ ಮನೆಮನೆಯ ಟೇಪ್‌ರೆಕಾರ್ಡರಿಗೆ ಇಳಿಯಿತು. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರಲ್ಲಿ ಪುಸ್ತಕವಾಗಿ ಬಂದು ಮನೆಮಾತಾಗಿತ್ತು. ಅಕ್ಷರ ಬಾರದ ಎಷ್ಟೋ ಅಜ್ಜಿಯರ ಬಾಯಿಗೆ ಅದನ್ನು ತಲುಪಿಸಿದ್ದು ಹಾಡಿನ ಸುರುಳಿಗಳು. ಅದೇ ಅಗ್ಗದ ಪ್ಲಾಸ್ಟಿಕ್ ಡಬ್ಬಿಯೊಳಗೆ, ಅದೇ ಕಂದು ಟೇಪಿನ ಮೇಲೆ, ಅದೇ ವರ್ಷಗಳಲ್ಲಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಇನ್ನೊಂದು ಸಂಗೀತವೂ ಬಂದಿಳಿಯಿತು. ಅದರ ಕಥೆಯನ್ನು ಕನ್ನಡದಲ್ಲಿ ಬರೆದವರು ಕಡಿಮೆ. ಹಳೆಯ ಮೈಸೂರಿನ ಅರಸು ಮನೆತನದ ನೆಲದಲ್ಲೇ ಅದರ ದೊಡ್ಡ ರಾತ್ರಿ ನಡೆಯಿತಾದ್ದರಿಂದ ಆ ಕಥೆ ನಮ್ಮದೂ ಹೌದು.

ಸಂಗೀತದ ಹೆಸರು ಥ್ರ್ಯಾಶ್ ಮೆಟಲ್. ಸುರುಳಿಯ ಹೆಸರು ‘ಮಾಸ್ಟರ್ ಆಫ್ ಪಪೆಟ್ಸ್’.

ಥ್ರ್ಯಾಶ್ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, 1980ರ ದಶಕದ ಮೊದಲ ವರ್ಷಗಳಲ್ಲಿ. ಇಂಗ್ಲೆಂಡಿನಲ್ಲಿ ಐರನ್ ಮೇಡನ್, ಡೈಮಂಡ್ ಹೆಡ್ ಮುಂತಾದ ಹೊಸ ಹೆವಿ ಮೆಟಲ್ ತಂಡಗಳು ಗಿಟಾರಿನ ಗತ್ತನ್ನು ಕಟ್ಟಿದ್ದವು. ಪಂಕ್ ತಂಡಗಳು ವೇಗವನ್ನೂ ಸಿಟ್ಟನ್ನೂ ಕೊಟ್ಟಿದ್ದವು. ಎರಡನ್ನೂ ಕೂಡಿಸಿದವರು ಇಪ್ಪತ್ತರ ಆಸುಪಾಸಿನ ಹುಡುಗರು. ಅವರಲ್ಲೊಬ್ಬ ಲಾರ್ಸ್ ಉಲ್ರಿಕ್, ಡೆನ್ಮಾರ್ಕಿನ ಟೆನಿಸ್ ಆಟಗಾರ ಟಾರ್ಬೆನ್ ಉಲ್ರಿಕ್ ಅವರ ಮಗ. ತಂದೆಯಂತೆ ಟೆನಿಸ್ ಆಡಲೆಂದು ಲಾಸ್ ಏಂಜಲೀಸಿಗೆ ಬಂದವನು ಡ್ರಮ್ಸ್ ಮುಂದೆ ಕೂತುಬಿಟ್ಟ. 1981ರಲ್ಲಿ ಗಿಟಾರ್ ನುಡಿಸುತ್ತ ಹಾಡುವ ಜೇಮ್ಸ್ ಹೆಟ್‌ಫೀಲ್ಡ್ ಜೊತೆ ಸೇರಿ ಮೆಟಾಲಿಕಾ ಕಟ್ಟಿದ. ಮರುವರ್ಷ ಅವರು ಮಾಡಿಕೊಂಡ ಒಂದು ಪ್ರಾಯೋಗಿಕ ಟೇಪು ಅಂಗಡಿಗೆ ಹೋಗಲೇ ಇಲ್ಲ. ಅಂಚೆಯಲ್ಲಿ ಕೈಯಿಂದ ಕೈಗೆ, ಊರಿಂದ ಊರಿಗೆ, ಪ್ರತಿ ಮನೆಯಲ್ಲೂ ಒಂದೊಂದು ನಕಲು ಹುಟ್ಟಿಸುತ್ತ ಸಾಗಿತು. ರೇಡಿಯೊ, ಟಿ.ವಿ. ಎರಡೂ ಬಾಗಿಲು ಹಾಕಿಕೊಂಡಿದ್ದಾಗ ಇವರಿಗೆ ಉಳಿದಿದ್ದ ಮಾರ್ಗ ಅದೊಂದೇ. ಕೇಳುಗನೇ ಹಂಚುವವನಾದ ಈ ರೂಢಿ ಥ್ರ್ಯಾಶ್‌ನ ಇತಿಹಾಸದಲ್ಲಿ ಯಾವ ಒಂದು ಹಾಡಿಗಿಂತಲೂ ಹೆಚ್ಚಿನ ಕೆಲಸ ಮಾಡಿತು ಎಂದೇ ನನ್ನ ನಂಬಿಕೆ. ಮುಂದೆ ಬೆಂಗಳೂರಿನಲ್ಲಿ ಆದದ್ದೂ ಅದೇ.

ತಂಡದೊಳಗೆ ಎರಡು ಬದಲಾವಣೆಗಳಾದವು. ಬೇಸ್ ಗಿಟಾರಿಗೆ ಕ್ಲಿಫ್ ಬರ್ಟನ್ ಬಂದ. ಪಿಯಾನೋ ಕಲಿತಿದ್ದ, ಬಾಖ್‌ನ ಸಂಗೀತವನ್ನು ಪ್ರೀತಿಸುತ್ತಿದ್ದ ಹುಡುಗ. ಅವನು ಲಾಸ್ ಏಂಜಲೀಸಿಗೆ ಬರಲು ಒಪ್ಪದಿದ್ದಕ್ಕೆ ಇಡೀ ತಂಡವೇ ಸ್ಯಾನ್ ಫ್ರಾನ್ಸಿಸ್ಕೊ ಕಡೆಗೆ ಮನೆ ಬದಲಿಸಿತು. 1983ರ ಏಪ್ರಿಲ್‌ನಲ್ಲಿ ಗಿಟಾರ್ ವಾದಕ ಡೇವ್ ಮಸ್ಟೇನ್‌ನನ್ನು ಕುಡಿತ ಮತ್ತು ಜಗಳದ ಕಾರಣಕ್ಕೆ ನ್ಯೂಯಾರ್ಕಿನಿಂದ ಬಸ್ಸು ಹತ್ತಿಸಿ ವಾಪಸು ಕಳಿಸಿದರು. ಅವನ ಜಾಗಕ್ಕೆ ಎಕ್ಸೋಡಸ್ ತಂಡದ ಕರ್ಕ್ ಹ್ಯಾಮೆಟ್ ಬಂದ. ಮಸ್ಟೇನ್ ಆ ಅವಮಾನವನ್ನು ಇಂಧನ ಮಾಡಿಕೊಂಡು ಮೆಗಾಡೆತ್ ಕಟ್ಟಿದ. 1983ರಲ್ಲಿ ‘ಕಿಲ್ ಎಮ್ ಆಲ್’, 1984ರಲ್ಲಿ ‘ರೈಡ್ ದ ಲೈಟ್ನಿಂಗ್’ ಬಂದವು. ಎಲೆಕ್ಟ್ರಾ ಎಂಬ ದೊಡ್ಡ ಕಂಪನಿ ಇವರ ಕೈಹಿಡಿಯಿತು. ಮೂರನೆಯದಕ್ಕೆ ದುಡ್ಡೂ ಇತ್ತು, ಸಮಯವೂ ಇತ್ತು.

1985ರ ಸೆಪ್ಟೆಂಬರ್ ಮೊದಲಲ್ಲಿ ನಾಲ್ವರೂ ಕೋಪನ್‌ಹೇಗನ್‌ನ ಸ್ವೀಟ್ ಸೈಲೆನ್ಸ್ ಸ್ಟುಡಿಯೊ ಸೇರಿದರು. ಅಲ್ಲಿನ ಫ್ಲೆಮಿಂಗ್ ರಾಸ್ಮುಸೆನ್ ಹಿಂದಿನ ಆಲ್ಬಂ ಅನ್ನೂ ಮುದ್ರಿಸಿದ್ದವರು. ಅದೇ ತಿಂಗಳ 19ರಂದು ವಾಷಿಂಗ್‌ಟನ್‌ನಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದು ರಾಕ್ ಹಾಡುಗಳ ಸಾಹಿತ್ಯದ ಮೇಲೆ ವಿಚಾರಣೆ ನಡೆಸಿತು. ರಾಜಕಾರಣಿಗಳ ಪತ್ನಿಯರು ಕಟ್ಟಿದ್ದ ಒಂದು ಪೋಷಕರ ಸಂಘ ಹೆವಿ ಮೆಟಲ್ ಮಕ್ಕಳನ್ನು ಕೆಡಿಸುತ್ತದೆ ಎಂದು ದೂರಿತ್ತು. ಕೊನೆಗೆ ಕ್ಯಾಸೆಟ್ಟುಗಳ ಮೇಲೆ ಎಚ್ಚರಿಕೆಯ ಚೀಟಿ ಅಂಟಿಸಲು ಕಂಪನಿಗಳು ಒಪ್ಪಿದವು. ಹೊರಗೆ ಶೀತಲ ಸಮರ ಕಾವೇರಿತ್ತು. ಅಣುಬಾಂಬಿನ ಭಯ, ಟಿ.ವಿ. ಪಾದ್ರಿಗಳ ಹಣದಾಹ, ಕೊಕೇನ್ ಹಾವಳಿ ಎಲ್ಲವೂ ಒಟ್ಟಿಗಿದ್ದವು. ದೂರದ ಚಳಿಯ ಊರಲ್ಲಿ ಕೂತ ನಾಲ್ಕು ಹುಡುಗರು ಇವನ್ನೇ ಹಾಡಾಗಿಸಿದರು. ಕೆಲಸ ಮುಗಿಯುವಾಗ ಡಿಸೆಂಬರ್ ಕೊನೆಯ ವಾರ. ಒಂದೇ ಗಿಟಾರಿನ ನುಡಿಯನ್ನು ಒಂದರ ಮೇಲೊಂದು ಪದರವಾಗಿ, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಹೆಟ್‌ಫೀಲ್ಡ್ ಮತ್ತೆ ಮತ್ತೆ ನುಡಿಸಿದ. ಅಷ್ಟು ವೇಗದ ಹಾಡಿಗೂ ಕೈಯನ್ನು ಕೆಳಮುಖವಾಗಿ ಮಾತ್ರ ಬೀಸುವ ಅವನ ಹಟ ಆ ಶಬ್ದಕ್ಕೆ ಒರಟು ತೂಕ ಕೊಟ್ಟಿತು.

1986ರ ಮಾರ್ಚ್ 3ರಂದು ಆಲ್ಬಂ ಹೊರಬಂತು. ಎಂಟು ಹಾಡು, 55 ನಿಮಿಷಕ್ಕೆ ತುಸು ಕಡಿಮೆ. ಮೊದಲ ಬದಿಯ ನಾಲ್ಕು ಹಾಡು 27 ನಿಮಿಷದೊಳಗೆ ಮುಗಿಯುತ್ತವೆ, ಎರಡನೆಯ ಬದಿಯ ನಾಲ್ಕು 28 ನಿಮಿಷದೊಳಗೆ. ಅರವತ್ತು ನಿಮಿಷದ ಖಾಲಿ ಕ್ಯಾಸೆಟ್ಟಿಗೆ ಒಂದು ಹಾಡೂ ತುಂಡಾಗದಂತೆ ಇಳಿಯುವ ಅಳತೆ ಅದು. ನಕಲು ಮಾಡಿಕೊಂಡು ಹಂಚುತ್ತಿದ್ದವರಿಗೆ ಇದು ಸಣ್ಣ ಅನುಕೂಲವಲ್ಲ.

ಒಳಗಿನ ವಸ್ತು ಗಂಭೀರವಾದದ್ದು. ಶೀರ್ಷಿಕೆಯ ಹಾಡಿನಲ್ಲಿ ಮಾತಾಡುವುದು ಮನುಷ್ಯನಲ್ಲ, ಅವನನ್ನು ಕುಣಿಸುವ ಮಾದಕವಸ್ತು. ದೇವರೋ ವಿಧಿಯೋ ಸೂತ್ರಧಾರನಾಗಿರುವುದು ನಮ್ಮ ಗೊಂಬೆಯಾಟದ, ದಾಸರ ಪದಗಳ ಹಳೆಯ ರೂಪಕ. ಇಲ್ಲಿ ಆ ಸ್ಥಾನದಲ್ಲಿ ಬಿಳಿಯ ಪುಡಿ ಕೂತಿದೆ. ಇನ್ನೊಂದು ಹಾಡಿನಲ್ಲಿ ಯುದ್ಧಕ್ಕೆ ತಳ್ಳಲ್ಪಟ್ಟ ಇಪ್ಪತ್ತೊಂದರ ಸೈನಿಕ, ಮತ್ತೊಂದರಲ್ಲಿ ಹುಚ್ಚಾಸ್ಪತ್ರೆಯ ಗೋಡೆಯೊಳಗಿನ ರೋಗಿ, ಮತ್ತೊಂದರಲ್ಲಿ ಭಕ್ತರ ಕಾಸಿಗೆ ಕೈಚಾಚುವ ಧರ್ಮಬೋಧಕ. ಡಾನ್ ಬ್ರಾಟಿಗಮ್ ಬರೆದ ಮುಖಪುಟದಲ್ಲಿ ಸಾಲುಸಾಲು ಬಿಳಿ ಶಿಲುಬೆಗಳ ಸಮಾಧಿ ಬಯಲು; ಪ್ರತಿ ಶಿಲುಬೆಯಿಂದಲೂ ಒಂದೊಂದು ದಾರ ಎದ್ದು ಕೆಂಪು ಆಕಾಶದ ಎರಡು ಕೈಗಳಿಗೆ ಸೇರಿಕೊಂಡಿದೆ. ಏಳನೆಯದು ‘ಓರಾಯನ್’. ಅದಕ್ಕೆ ಮಾತೇ ಇಲ್ಲ; ಎಂಟೂವರೆ ನಿಮಿಷದ ಬರಿಯ ವಾದ್ಯ. ಅದರ ನಡುವಿನ ನಿಧಾನದ ಭಾಗದಲ್ಲಿ ಕ್ಲಿಫ್ ಬರ್ಟನ್‌ನ ಬೇಸ್ ಗಿಟಾರು ಒಂಟಿಯಾಗಿ ನಡೆಯುತ್ತ ಹೋಗುತ್ತದೆ. ಮೆಟಲ್ ಎಂದರೆ ಗದ್ದಲ ಎನ್ನುವವರಿಗೆ ನಾನು ಮೊದಲು ಕೇಳಿಸಬಯಸುವುದು ಇದನ್ನೇ.

ಶೀರ್ಷಿಕೆಯ ಹಾಡಿನ ತಾಳದ ಬಗ್ಗೆ ಒಂದು ಹಳೆಯ ವಾಗ್ವಾದವಿದೆ. ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಇದು ಕುತೂಹಲ ಹುಟ್ಟಿಸುವಂಥದ್ದು. ಪಲ್ಲವಿಗೆ ಮುಂಚಿನ ನುಡಿಯಲ್ಲಿ ಮೂರು ಸಲ ನಾಲ್ಕು ಎಣಿಕೆಯ ಚೌಕಟ್ಟು ಬರುತ್ತದೆ. ನಾಲ್ಕನೆಯ ಸಲ ಕಾಲು ಎಡವಿದಂತೆ ಚೌಕಟ್ಟು ಥಟ್ಟನೆ ಮೊಟಕಾಗುತ್ತದೆ. ಅಚ್ಚಾದ ಸ್ವರಲಿಪಿಗಳು ಅದನ್ನು ಐದು ಅರೆಮಾತ್ರೆ ಎಂದು ಬರೆದವು, ನಮ್ಮ ಲೆಕ್ಕದಲ್ಲಿ ಖಂಡ ಎನ್ನಬಹುದು. ಧ್ವನಿಮುದ್ರಿಕೆಯನ್ನು ಅಳೆದು ನೋಡಿದವರು ಐದಕ್ಕಿಂತ ಒಂದೆಳೆ ಹೆಚ್ಚಿದೆ, ಇಪ್ಪತ್ತೊಂದು ಸಣ್ಣ ಭಾಗಗಳಿಗೆ ಹತ್ತಿರ ಎಂದರು. ಇಬ್ಬರ ಲೆಕ್ಕವೂ ಬೇಡ, ಹುಡುಗರು ಎದುರುಬದುರು ಕೂತು ಕಿವಿಯಿಂದ ಕಟ್ಟಿದ ನಡೆ ಅದು ಎಂದು ಇನ್ನು ಕೆಲವರು ಹೇಳಿದರು. ಮೂರನೆಯ ಮಾತೇ ಸತ್ಯಕ್ಕೆ ಹತ್ತಿರ ಅನ್ನಿಸುತ್ತದೆ. ಯಾವ ಹೆಸರಿಟ್ಟರೂ, ಆ ಮೊಟಕು ಚೌಕಟ್ಟಿನಲ್ಲಿ ಸರಿಯಾದ ಜಾಗಕ್ಕೆ ತಲೆ ತೂಗುವುದನ್ನು ಕಲಿತವನು ಹಾಡನ್ನು ಒಳಗಿಳಿಸಿಕೊಂಡವನೇ.

ಬಿಡುಗಡೆಯಾದ ತಿಂಗಳಿನಿಂದಲೇ ಮೆಟಾಲಿಕಾ ಹೆವಿ ಮೆಟಲ್ ಗಾಯಕ ಓಝಿ ಓಸ್ಬೋರ್ನ್ ಅವರ ಅಮೆರಿಕ ಪ್ರವಾಸದಲ್ಲಿ ಮೊದಲು ನುಡಿಸುವ ತಂಡವಾಗಿ ಹೊರಟಿತು. ಹಾಡಿಗೆ ವಿಡಿಯೊ ಮಾಡಲಿಲ್ಲ. ರೇಡಿಯೊಗಳು ಹೆಚ್ಚೇನೂ ಹಾಕಲಿಲ್ಲ. ಆದರೂ ಆಲ್ಬಂ ಬಿಲ್‌ಬೋರ್ಡ್ ಪಟ್ಟಿಯ 29ನೇ ಸ್ಥಾನ ಮುಟ್ಟಿತು, ಅದೇ ವರ್ಷದ ನವೆಂಬರ್‌ನಲ್ಲಿ ಐದು ಲಕ್ಷ ಪ್ರತಿಗಳ ಚಿನ್ನದ ಮುದ್ರೆ ಪಡೆಯಿತು. ಆ ಸಂತೋಷ ನೋಡಲು ನಾಲ್ವರಲ್ಲಿ ಒಬ್ಬ ಉಳಿದಿರಲಿಲ್ಲ.

ಸೆಪ್ಟೆಂಬರ್ 26ರ ರಾತ್ರಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಕಛೇರಿ ಮುಗಿಸಿ ತಂಡದ ಬಸ್ಸು ಕೋಪನ್‌ಹೇಗನ್ ಕಡೆಗೆ ಹೊರಟಿತು. ಯಾರು ಯಾವ ಹಾಸಿಗೆಯಲ್ಲಿ ಮಲಗಬೇಕೆಂದು ಬರ್ಟನ್ ಮತ್ತು ಹ್ಯಾಮೆಟ್ ಇಸ್ಪೀಟಿನ ಎಲೆ ಎತ್ತಿದರು. ಬರ್ಟನ್‌ಗೆ ಇಸ್ಪೀಟ್ ಎಕ್ಕ ಬಂತು, ಹ್ಯಾಮೆಟ್‌ನ ಜಾಗ ಸಿಕ್ಕಿತು. 27ರ ಬೆಳಗಿನ ಜಾವ ಡೋರಾರ್ಪ್ ಎಂಬ ಹಳ್ಳಿಯ ಹತ್ತಿರ ಬಸ್ಸು ರಸ್ತೆ ಬಿಟ್ಟು ಮಗುಚಿತು. ಕಿಟಕಿಯಿಂದ ಹೊರಬಿದ್ದ ಬರ್ಟನ್ ಬಸ್ಸಿನಡಿ ಸಿಕ್ಕಿ ಸತ್ತ. ವಯಸ್ಸು 24. ರಸ್ತೆಯ ಮೇಲೆ ಕಣ್ಣಿಗೆ ಕಾಣದ ಮಂಜುಗಡ್ಡೆ ಇತ್ತೆಂದು ಚಾಲಕ ಹೇಳಿದ. ಹೆಟ್‌ಫೀಲ್ಡ್ ಚಳಿಯಲ್ಲಿ ರಸ್ತೆಯುದ್ದಕ್ಕೂ ನಡೆದು ಹುಡುಕಿದ, ಮಂಜುಗಡ್ಡೆ ಕಾಣಲಿಲ್ಲ ಎಂದ. ವಿಚಾರಣೆಯ ಕೊನೆಗೆ ಚಾಲಕನ ಮೇಲೆ ತಪ್ಪು ಹೊರಿಸಲಿಲ್ಲ. ಅಂತ್ಯಸಂಸ್ಕಾರದಲ್ಲಿ ‘ಓರಾಯನ್’ ನುಡಿಸಿದರು. ಆ ಹಾಡನ್ನು ಮೆಟಾಲಿಕಾ ವೇದಿಕೆಯ ಮೇಲೆ ಪೂರ್ತಿಯಾಗಿ ನುಡಿಸಿದ್ದು ಇಪ್ಪತ್ತು ವರ್ಷದ ಮೇಲೆ, 2006ರ ಜೂನ್‌ನಲ್ಲಿ, ಜರ್ಮನಿಯಲ್ಲಿ.

ಈ ಸಾವು ಬ್ಯಾಂಡಿನ ದಾರಿ ಬದಲಿಸಿತು. ಸ್ವರಮೇಳದ ಜ್ಞಾನವನ್ನು ಉಳಿದವರಿಗೆ ದಾಟಿಸುತ್ತಿದ್ದವನು ಅವನೇ. ಕೆಲವೇ ವಾರಗಳಲ್ಲಿ ಜೇಸನ್ ನ್ಯೂಸ್ಟೆಡ್‌ನನ್ನು ಸೇರಿಸಿಕೊಂಡರು. ಆದರೆ 1988ರ ‘...ಆಂಡ್ ಜಸ್ಟಿಸ್ ಫಾರ್ ಆಲ್’ ಆಲ್ಬಂನಲ್ಲಿ ಅವನ ಬೇಸ್ ಕಿವಿಗೆ ಬೀಳುವುದೇ ಕಷ್ಟ. ದುಃಖವನ್ನು ಹೊಸಬನ ಮೇಲೆ ತೀರಿಸಿಕೊಂಡರು ಎಂದು ಹಲವರು ಅರ್ಥೈಸಿದ್ದಾರೆ. ಆ ಆಲ್ಬಂ ಕೇಳಿದಾಗಲೆಲ್ಲ ನನಗೂ ಹಾಗೇ ಅನ್ನಿಸಿದೆ.

1986 ಥ್ರ್ಯಾಶ್‌ನ ಸುಗ್ಗಿಯ ವರ್ಷ. ಅಕ್ಟೋಬರ್‌ನಲ್ಲಿ ಸ್ಲೇಯರ್‌ನ ‘ರೇನ್ ಇನ್ ಬ್ಲಡ್’ ಬಂತು. ಬರೀ 29 ನಿಮಿಷ, ಉಸಿರಾಡಲೂ ಬಿಡದ ಓಟ. ನಾಜಿ ವೈದ್ಯ ಮೆಂಗೆಲೆಯ ಕ್ರೌರ್ಯ ವರ್ಣಿಸುವ ಅದರ ಮೊದಲ ಹಾಡಿನ ಕಾರಣಕ್ಕೆ ಕೊಲಂಬಿಯಾ ಕಂಪನಿ ಹಂಚಲು ನಿರಾಕರಿಸಿತ್ತು. ಅದೇ ವರ್ಷ ಮೆಗಾಡೆತ್‌ನ ‘ಪೀಸ್ ಸೆಲ್ಸ್’, ಜರ್ಮನಿಯಿಂದ ಕ್ರಿಯೇಟರ್‌ನ ‘ಪ್ಲೆಷರ್ ಟು ಕಿಲ್’. ಇವುಗಳಲ್ಲಿ ಥ್ರ್ಯಾಶ್‌ನ ಶಿಖರ ಯಾವುದು ಎಂಬ ಜಗಳ ಇನ್ನೂ ಮುಗಿದಿಲ್ಲ. ಸ್ಲೇಯರ್ ಪಕ್ಷದವರು ವೇಗ ಮತ್ತು ಉಗ್ರತೆಯನ್ನು ಮುಂದಿಡುತ್ತಾರೆ, ಮೆಟಾಲಿಕಾ ಪಕ್ಷದವರು ಕಟ್ಟೋಣವನ್ನು. ವಿದ್ವಾಂಸರ ಚರ್ಚೆ ಬೇರೆ ದಿಕ್ಕಿನದು. ಸಮಾಜಶಾಸ್ತ್ರಜ್ಞೆ ಡೀನಾ ವೈನ್‌ಸ್ಟೈನ್ 1991ರಲ್ಲಿ ಮೆಟಲ್ ಕೇಳುಗರ ಬಳಗವನ್ನೇ ಅಧ್ಯಯನದ ನಡುವೆ ನಿಲ್ಲಿಸಿದರು. ಸಂಗೀತಶಾಸ್ತ್ರಜ್ಞ ರಾಬರ್ಟ್ ವಾಲ್ಸರ್ 1993ರಲ್ಲಿ ಗಿಟಾರ್ ವಾದನದಲ್ಲಿ ಬಾಖ್, ವಿವಾಲ್ಡಿ ಕಾಲದ ಪಾಶ್ಚಾತ್ಯ ಶಾಸ್ತ್ರೀಯದ ಬೇರುಗಳನ್ನು ತೋರಿಸಿದರು. ಗ್ಲೆನ್ ಪಿಲ್ಸ್‌ಬರಿ 2006ರಲ್ಲಿ ಮೆಟಾಲಿಕಾದ ಬಗ್ಗೆಯೇ ಒಂದು ಪುಸ್ತಕ ಬರೆದರು. ಗಂಡಸುತನದ ಪ್ರದರ್ಶನವೇ ಇದರ ತಿರುಳೋ, ಅಧಿಕಾರದ ವಿರುದ್ಧದ ಕೂಗೋ ಎಂಬುದು ಈ ಚರ್ಚೆಗಳ ಒಳಗೆ ಹರಿಯುವ ಪ್ರಶ್ನೆ. ಎರಡೂ ಇವೆ, ‘ಮಾಸ್ಟರ್ ಆಫ್ ಪಪೆಟ್ಸ್’ನ ಎಂಟು ಹಾಡುಗಳಲ್ಲಿ ಎರಡನೆಯದರ ಪಾಲು ದೊಡ್ಡದು.

ಇನ್ನು ಬೆಂಗಳೂರು. ದಂಡು ಪ್ರದೇಶದ ಚರ್ಚು, ಕ್ಲಬ್ಬು, ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಗಿಟಾರು ಮೊದಲೇ ಇತ್ತು. 1980ರ ದಶಕದ ಕೊನೆಗೆ ಮಿಲೆನಿಯಂ ಎಂಬ ತಂಡ ಹೆವಿ ಮೆಟಲ್ ನುಡಿಸತೊಡಗಿತು. ದೇಶದ ಮೊದಲ ಮೆಟಲ್ ತಂಡಗಳ ಮಾತು ಬಂದಾಗ ಅದರ ಹೆಸರು ಮೊದಲಿಗೆ ಬರುತ್ತದೆ. ವಿದೇಶದಿಂದ ಬಂದ ಬಂಧುಗಳ ಸೂಟ್‌ಕೇಸಿನಲ್ಲಿ ಒಂದು ಸುರುಳಿ ಬಂದರೆ ಸಾಕಿತ್ತು, ಎರಡು ಡೆಕ್ಕಿನ ಟೇಪ್‌ರೆಕಾರ್ಡರಿನಲ್ಲಿ ಹತ್ತು ಮರಿ ಹಾಕುತ್ತಿತ್ತು. 1991ರಲ್ಲಿ ಎರಡು ಸಂಗತಿಗಳು ಕೂಡಿ ಬಂದವು. ಉಪಗ್ರಹ ವಾಹಿನಿಗಳ ಮೂಲಕ ಎಂಟಿವಿ ಭಾರತದ ಮನೆಗಳಿಗೆ ಇಳಿಯಿತು. ಮೆಟಾಲಿಕಾ ತನ್ನ ಹೆಸರಿನದೇ ಆದ ಕಪ್ಪು ರಟ್ಟಿನ ಆಲ್ಬಂ ತಂದಿತು. ಅದರ ಹಾಡುಗಳು ಚಿಕ್ಕವು, ನಿಧಾನದವು, ಸುಲಭವಾಗಿ ಬಾಯಿಗೆ ಬರುವಂಥವು. ನಮ್ಮಲ್ಲಿ ಬಹುಪಾಲು ಮಂದಿ ಮೆಟಾಲಿಕಾವನ್ನು ಹೊಕ್ಕಿದ್ದು ಈ ಬಾಗಿಲಿನಿಂದ. ಒಳಗೆ ಬಂದ ಮೇಲೆ ಹಿಂದಕ್ಕೆ ನಡೆದು 1986ಕ್ಕೆ ತಲುಪಿದರು. ಹಾಗೆ ತಲುಪಿದವರು ಅಲ್ಲೇ ನಿಂತುಬಿಟ್ಟರು. 1989ರಲ್ಲಿ ರೆಸ್ಟ್ ಹೌಸ್ ರಸ್ತೆಯಲ್ಲಿ ತೆರೆದ ಪೀಕೋಸ್ ಪಬ್ಬು, ಬ್ರಿಗೇಡ್ ರಸ್ತೆಯ ಕ್ಯಾಸೆಟ್ ಅಂಗಡಿಗಳು, ಕಾಲೇಜು ಉತ್ಸವಗಳ ರಾಕ್ ಸ್ಪರ್ಧೆಗಳು ಈ ಬಳಗ ಕೂಡುವ ಕಟ್ಟೆಗಳಾದವು.

ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆಯ ಅಂಗಡಿಗಳಲ್ಲಿ ಈ ಸುರುಳಿ ತೂಗುಬಿದ್ದಿರಲಿಲ್ಲ. ಅಲ್ಲಿ ರಾಜ್‌ಕುಮಾರ್ ಇದ್ದರು, ಹಂಸಲೇಖ ಇದ್ದರು, ಅಶ್ವತ್ಥರ ಭಾವಗೀತೆ ಇತ್ತು, ಕುರುಕ್ಷೇತ್ರ ನಾಟಕದ ರಂಗಗೀತೆಗಳಿದ್ದವು. ಈ ತಾಲ್ಲೂಕುಗಳ ಹುಡುಗರಿಗೆ ಮೆಟಲ್ ಸಿಕ್ಕಿದ್ದು ಮಂಡ್ಯ, ಮೈಸೂರು, ಬೆಂಗಳೂರಿನ ಎಂಜಿನಿಯರಿಂಗ್ ಹಾಸ್ಟೆಲುಗಳಲ್ಲಿ, 1990ರ ದಶಕದ ಕೊನೆಗೆ ಕಂಪ್ಯೂಟರು ಕೋಣೆಯೊಳಕ್ಕೆ ಬಂದ ಮೇಲೆ. ಉತ್ತರ ಭಾರತದ ಹುಡುಗನೊಬ್ಬನ ಎಂಪಿ3 ಕಡತಗಳು ಕಬ್ಬಿನ ಗದ್ದೆಯಿಂದ ಬಂದ ಹುಡುಗನ ಕಿವಿಗೆ ದಾಟಿದವು. ಇಂಗ್ಲಿಷಿನ ಎಲ್ಲ ಪದ ತಿಳಿಯದಿದ್ದರೂ ಲಯ ತಿಳಿಯಿತು. ಹಬ್ಬದ ದಿನ ಮಾರಮ್ಮನ ಗುಡಿಯ ಮುಂದೆ ತಮಟೆಯ ಏಟು ಎದೆಗೆ ತಾಕಿಸಿಕೊಂಡು ಬೆಳೆದವನಿಗೆ ಡ್ರಮ್ಸ್‌ನ ಈ ಅಬ್ಬರ ಪರಕೀಯ ಅನ್ನಿಸಬೇಕಿಲ್ಲ. ಹಂಚಿ ಕೇಳುವ ಹಳೆಯ ರೂಢಿಗೆ ಕಂಪ್ಯೂಟರು ಸಾವಿರ ಕೈ ಕೊಟ್ಟಿತು. 2000ದ ಏಪ್ರಿಲ್‌ನಲ್ಲಿ ಮೆಟಾಲಿಕಾ ನ್ಯಾಪ್‌ಸ್ಟರ್ ಎಂಬ ಹಂಚಿಕೆ ತಾಣದ ಮೇಲೆ ಮೊಕದ್ದಮೆ ಹೂಡಿತು. ಕೈಯಿಂದ ಕೈಗೆ ದಾಟಿದ ಟೇಪಿನಿಂದಲೇ ಬೆಳೆದ ತಂಡ ಹೀಗೆ ಮಾಡಿದ್ದು ಅನೇಕ ಅಭಿಮಾನಿಗಳಿಗೆ ನೋವು ತಂದಿತು. ಹಾಡು ಕಟ್ಟಿದವರ ದುಡಿಮೆಗೆ ಬೆಲೆ ಬೇಕೆಂಬುದು ನ್ಯಾಯವೇ. ಆದರೆ ಡಾಲರು ಕೊಟ್ಟು ಕೊಳ್ಳಲಾಗದ ನಮ್ಮ ಕಡೆಯ ಕೇಳುಗನಿಗೆ ಬೇರೆ ಬಾಗಿಲೂ ಇರಲಿಲ್ಲ.

ಪಾಶ್ಚಾತ್ಯ ಸಂಗೀತ ಹಳೆಯ ಮೈಸೂರಿಗೆ ಹೊಸದು ಎಂಬ ಮಾತನ್ನು ಇಲ್ಲಿ ನಿಲ್ಲಿಸಿ ನೋಡಬೇಕು. 1610ರಲ್ಲಿ ಶ್ರೀರಂಗಪಟ್ಟಣವನ್ನು ರಾಜಧಾನಿ ಮಾಡಿಕೊಂಡ ಒಡೆಯರ ವಂಶದ ಕೊನೆಯ ಅರಸು ಜಯಚಾಮರಾಜ ಒಡೆಯರ್ ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದವರು. ಅಷ್ಟೇ ಗಾಢವಾಗಿ ಐರೋಪ್ಯ ಸಂಗೀತ ಬಲ್ಲವರು. ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು 1940ರ ದಶಕದ ಕೊನೆಯಲ್ಲಿ ತಮ್ಮ ಖರ್ಚಿನಲ್ಲಿ ಧ್ವನಿಮುದ್ರಿಸಿ ಉಳಿಸಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಂಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿ ಕೇಳಿಬಂದಿದ್ದರ ಹಿಂದೆಯೂ ಅವರ ನೆರವಿತ್ತು. ಇದೇ ಮನೆತನದ ಬೆಂಗಳೂರು ಅರಮನೆಯ ಸುತ್ತಲಿನ ಬಯಲು ಮೆಟಲ್‌ನ ತೇರು ಎಳೆಯುವ ಜಾಗವಾಯಿತು.

2007ರ ಮಾರ್ಚ್ 17ರಂದು ಐರನ್ ಮೇಡನ್ ಅರಮನೆ ಮೈದಾನದಲ್ಲಿ ನುಡಿಸಿತು. ಆ ಗಾತ್ರದ ಮೆಟಲ್ ತಂಡವೊಂದು ಭಾರತದ ನೆಲಕ್ಕೆ ಬಂದಿದ್ದು ಅದೇ ಮೊದಲು. ಹತ್ತಾರು ಸಾವಿರ ಜನ ದೇಶದ ಮೂಲೆಮೂಲೆಯಿಂದ ರೈಲು ಹತ್ತಿ ಬಂದಿದ್ದರು. ಮರುವರ್ಷ ಮಾರ್ಚ್‌ನಲ್ಲಿ ಮೆಗಾಡೆತ್ ಬಂತು. ತನ್ನನ್ನು ಹೊರಹಾಕಿದ ತಂಡಕ್ಕಿಂತ ಮೂರು ವರ್ಷ ಮೊದಲೇ ಮಸ್ಟೇನ್ ಬೆಂಗಳೂರಿನ ಮುಂದೆ ನಿಂತಿದ್ದ.

2011ರ ಅಕ್ಟೋಬರ್‌ನಲ್ಲಿ ದೆಹಲಿ ಬಳಿಯ ಹೊಸ ಓಟದ ಪಥದಲ್ಲಿ ದೇಶದ ಮೊದಲ ಫಾರ್ಮುಲಾ ಒನ್ ಸ್ಪರ್ಧೆ ಇತ್ತು. ಅದರ ಸಂಭ್ರಮದ ಭಾಗವಾಗಿ 28ರಂದು ಗುರುಗ್ರಾಮದಲ್ಲಿ ಮೆಟಾಲಿಕಾದ ಮೊದಲ ಭಾರತೀಯ ಕಛೇರಿ ಗೊತ್ತಾಗಿತ್ತು. ಜನ ತಾಸುಗಟ್ಟಲೆ ಕಾದರು. ವೇದಿಕೆ ಮುಂದಿನ ತಡೆಗೋಡೆ ಕುಸಿಯಿತು, ಕಛೇರಿಯನ್ನು ಮರುದಿನಕ್ಕೆ ಮುಂದೂಡಿದ್ದಾಗಿ ಘೋಷಿಸಿದರು. ಸಿಟ್ಟಾದ ಜನ ವೇದಿಕೆಗೆ ನುಗ್ಗಿ ಉಪಕರಣ ಒಡೆದರು. ಕೊನೆಗೆ ಕಛೇರಿಯೇ ರದ್ದಾಯಿತು, ಸಂಘಟಕರ ಮೇಲೆ ಪೊಲೀಸ್ ಕ್ರಮವಾಯಿತು. ಬೆಂಗಳೂರಿನ ಕಛೇರಿಗೆ ಉಳಿದಿದ್ದು ಎರಡು ದಿನ. ಅದೂ ಹೋಯಿತೇ ಎಂಬ ಆತಂಕದಲ್ಲಿ ಟಿಕೆಟ್ ಕೊಂಡವರು ಆ ಎರಡು ರಾತ್ರಿ ಕಳೆದರು. ಉತ್ತರದಿಂದ ಎಷ್ಟೋ ಮಂದಿ ಸಿಕ್ಕ ವಿಮಾನ, ರೈಲು ಹಿಡಿದು ದಕ್ಷಿಣಕ್ಕೆ ಧಾವಿಸಿದರು.

ಅಕ್ಟೋಬರ್ 30, ಭಾನುವಾರ. ಮೈದಾನ ತುಂಬಿತು. ಮೊದಲು ನುಡಿಸಿದ ತಂಡಗಳಲ್ಲಿ ಬೆಂಗಳೂರಿನದೇ ಆದ ಇನ್ನರ್ ಸ್ಯಾಂಕ್ಟಮ್ ಇತ್ತು. ಊರಿನ ಹುಡುಗರು ಮೆಟಾಲಿಕಾದ ವೇದಿಕೆ ಹತ್ತಿದ್ದನ್ನು ಊರಿನ ಜನ ನೋಡಿದರು. ನಂತರ ಮೆಟಾಲಿಕಾ ಬಂತು. ಗಲಾಟೆಯಾಗಲಿಲ್ಲ, ನೂಕುನುಗ್ಗಲು ಕೈಮೀರಲಿಲ್ಲ. ಆ ರಾತ್ರಿ ‘ಮಾಸ್ಟರ್ ಆಫ್ ಪಪೆಟ್ಸ್’ ಹಾಡು ಬಂದಾಗ ಹೆಟ್‌ಫೀಲ್ಡ್ ಹಾಡಿನ ಸಾಲುಗಳನ್ನು ಜನರ ಬಾಯಿಗೇ ಬಿಟ್ಟ. ಎಂಟೂವರೆ ನಿಮಿಷದ ಹಾಡು. ನಮ್ಮ ಯಾವ ಚಲನಚಿತ್ರದ ಹಾಡೂ ಅಲ್ಲ, ಆಕಾಶವಾಣಿ ಹಾಕಿದ್ದಲ್ಲ, ಯಾವ ಶಾಲೆಯೂ ಕಲಿಸಿದ್ದಲ್ಲ. ಇಪ್ಪತ್ತೈದು ವರ್ಷ ಹಳೆಯದು. ಅಲ್ಲಿದ್ದ ಅನೇಕರು ಅದು ಬಂದಾಗ ಹುಟ್ಟಿಯೇ ಇರಲಿಲ್ಲ. ಆದರೂ ಸಾವಿರಾರು ಕಂಠಗಳಿಗೆ ಅದರ ಪ್ರತಿ ತಿರುವು ಗೊತ್ತಿತ್ತು. ನಡುವಿನ ನಿಧಾನ ಭಾಗದ ಗಿಟಾರ್ ರಾಗವನ್ನು, ಮಾತಿಲ್ಲದ ಆ ಸ್ವರಗಳನ್ನು ಕೂಡ, ಜನ ಬಾಯಲ್ಲಿ ಹಾಡಿದರು. ಒಂದು ಆಲ್ಬಂನ ಪರಂಪರೆ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಮಾರಾಟದ ಲೆಕ್ಕ ಹೇಳುವುದಿಲ್ಲ, ಇದನ್ನು ಹೇಳುತ್ತೇನೆ.

ನಂತರದ ವರ್ಷ ಅದರ ಬೆಳೆ ಕಂಡಿತು. 2012ರ ಜೂನ್‌ನಲ್ಲಿ ಬೆಂಗಳೂರು ಓಪನ್ ಏರ್ ಎಂಬ ಮೆಟಲ್ ಉತ್ಸವ ಶುರುವಾಯಿತು, ಮೊದಲ ವರ್ಷವೇ ಕ್ರಿಯೇಟರ್ ಬಂತು. ಅಕ್ಟೋಬರ್‌ನಲ್ಲಿ ಸ್ಲೇಯರ್ ಬಂತು. ತೋಳಿನ ಕಾಯಿಲೆಯಿಂದ ಅದರ ಗಿಟಾರ್ ವಾದಕ ಜೆಫ್ ಹ್ಯಾನೆಮನ್ ಅವರಿಗೆ ಬರಲಾಗಲಿಲ್ಲ, ಎಕ್ಸೋಡಸ್‌ನ ಗ್ಯಾರಿ ಹೋಲ್ಟ್ ಅವರ ಜಾಗದಲ್ಲಿ ನುಡಿಸಿದರು. ಮರುವರ್ಷ ಮೇ ತಿಂಗಳಲ್ಲಿ ಹ್ಯಾನೆಮನ್ ತೀರಿಕೊಂಡರು. ಥ್ರ್ಯಾಶ್‌ನ ದೊಡ್ಡ ನಾಲ್ಕು ಎಂದು ಹೆಸರಾದ ತಂಡಗಳಲ್ಲಿ ಮೂರು, ಮೆಗಾಡೆತ್, ಮೆಟಾಲಿಕಾ, ಸ್ಲೇಯರ್, ಐದೇ ವರ್ಷದೊಳಗೆ ಈ ಊರಿಗೆ ಬಂದು ಹೋದವು.

ಊರಿನ ತಂಡಗಳು ಈ ಕಾಲದಲ್ಲಿ ಏನು ಮಾಡುತ್ತಿದ್ದವು? 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ ಬೇರೆಯವರ ಹಾಡು ನುಡಿಸುವ ಸುಲಭದ ದಾರಿ ಬಿಟ್ಟು ಸ್ವಂತ ಹಾಡು ಕಟ್ಟುವ ಹಟ ಹಿಡಿದಿತ್ತು. 2004ರಲ್ಲಿ ‘ಸ್ಪೈರಲ್ ಅಸೆಂಟ್’, 2008ರಲ್ಲಿ ‘ದಿ ಆರ್ಕ್ ಆಫ್ ಜೆಮಿನಿ’ ತಂದಿತು. 2010ರಲ್ಲಿ ಯುರೋಪ್ ಪ್ರವಾಸ ಮಾಡಿತು, ಭಾರತದ ಮೆಟಲ್ ತಂಡಗಳಲ್ಲಿ ಮೊದಲಿಗೆ. 2013ರಲ್ಲಿ ಜರ್ಮನಿಯ ವಾಕನ್ ಉತ್ಸವದ ವೇದಿಕೆ ಹತ್ತಿತು. ಕಾಲೇಜು ಸ್ಪರ್ಧೆಗಳಲ್ಲಿ ಮೆಟಾಲಿಕಾದ ಹಾಡನ್ನು ತಪ್ಪಿಲ್ಲದೆ ನುಡಿಸಿದವರಿಗೆ ಚಪ್ಪಾಳೆ ಬೀಳುತ್ತಿದ್ದ ಕಾಲದಲ್ಲಿ ಸ್ವಂತದ್ದನ್ನು ನುಡಿಸಿ ಬಯ್ಗುಳ ತಿಂದವರ ಸಾಧನೆ ಇದು. ಹಾಗಾಗಿ ಕ್ರಿಪ್ಟೋಸ್ ಬಗ್ಗೆ ನನಗೆ ವಿಶೇಷ ಗೌರವ.

ದೊಡ್ಡ ಕಛೇರಿಗಳ ಆ ಭರಾಟೆ ಬಹುಕಾಲ ಉಳಿಯಲಿಲ್ಲ. ಅರಮನೆ ಮೈದಾನದ ಒಡೆತನದ ವ್ಯಾಜ್ಯ 1996ರ ಸ್ವಾಧೀನ ಕಾಯ್ದೆಯಿಂದ ಶುರುವಾಗಿ ಸರ್ವೋಚ್ಚ ನ್ಯಾಯಾಲಯದಲ್ಲಿ ಎಳೆಯುತ್ತ ಬಂದಿತ್ತು. ರಾತ್ರಿ ಹತ್ತರ ನಂತರದ ಶಬ್ದ ನಿರ್ಬಂಧ, ಸಂಚಾರ ದಟ್ಟಣೆ, ಅನುಮತಿಯ ಅಲೆದಾಟ ಬೇರೆ. ಕೇಳುಗರ ಹೊಸ ತಲೆಮಾರು ವಿದ್ಯುನ್ಮಾನ ನೃತ್ಯಸಂಗೀತದ ಕಡೆಗೂ ಹಿಪ್‌ಹಾಪ್ ಕಡೆಗೂ ಹೊರಳಿತು. ಮೆಟಲ್ ಮತ್ತೆ ಸಣ್ಣ ಪಬ್ಬುಗಳಿಗೆ, ಕೆಲವೇ ನೂರು ಜನರ ಸಭೆಗಳಿಗೆ ಮರಳಿತು.

ಅತ್ತ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2016ರ ಮಾರ್ಚ್‌ನಲ್ಲಿ ‘ಮಾಸ್ಟರ್ ಆಫ್ ಪಪೆಟ್ಸ್’ ಅನ್ನು ರಾಷ್ಟ್ರೀಯ ಧ್ವನಿಮುದ್ರಿಕೆಗಳ ಸಂಗ್ರಹಕ್ಕೆ ಸೇರಿಸಿಕೊಂಡಿತು. ಮೆಟಲ್ ಪ್ರಕಾರದಿಂದ ಆ ಗೌರವ ಪಡೆದ ಮೊದಲ ಆಲ್ಬಂ ಅದು. ಅದು ತಯಾರಾಗುತ್ತಿದ್ದಾಗ ಮೆಟಲ್ ಸಾಹಿತ್ಯದ ವಿಚಾರಣೆ ನಡೆಸಿದ್ದೂ ಅದೇ ದೇಶದ ಸಂಸತ್ತೇ. 2022ರ ಜುಲೈನಲ್ಲಿ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯ ಒಂದು ಪಾತ್ರ ಮನೆಯ ಸೂರಿನ ಮೇಲೆ ನಿಂತು ಈ ಹಾಡು ನುಡಿಸಿತು. 36 ವರ್ಷದ ನಂತರ ಹಾಡು ಬಿಲ್‌ಬೋರ್ಡ್‌ನ ನೂರು ಹಾಡುಗಳ ಪಟ್ಟಿಗೆ ಮೊದಲ ಸಲ ಕಾಲಿಟ್ಟಿತು. ಆ ಧಾರಾವಾಹಿ ನೋಡಲು ಬ್ರಿಗೇಡ್ ರಸ್ತೆಗೆ ಹೋಗಬೇಕಾಗಿರಲಿಲ್ಲ. ನಾಗಮಂಗಲದ ಹೈಸ್ಕೂಲು ಹುಡುಗಿಯ ಮೊಬೈಲಿಗೂ ಬೆಂಗಳೂರಿನ ಹುಡುಗನ ಮೊಬೈಲಿಗೂ ಅದು ಒಂದೇ ದಿನ ತಲುಪುವಂತಿತ್ತು.

ಒಂದು ಕೊರತೆ ಮಾತ್ರ ನನ್ನನ್ನು ಕಾಡುತ್ತದೆ. ಬೆಂಗಳೂರಿನ ಹೆಸರಾಂತ ಥ್ರ್ಯಾಶ್ ತಂಡಗಳು ಹಾಡಿದ್ದು ಇಂಗ್ಲಿಷಿನಲ್ಲಿ. ಕನ್ನಡ ಗಿಟಾರಿನ ಜೊತೆ ಕೂಡಿದ್ದು ಬೇರೆ ಕಡೆ: ಮೈಸೂರಿನ ರಘು ದೀಕ್ಷಿತ್ ಶಿಶುನಾಳ ಷರೀಫರನ್ನು ರಾಕ್ ವೇದಿಕೆಗೆ ತಂದರು, ಸ್ವರಾತ್ಮದಂಥ ತಂಡಗಳು ಜನಪದದ ಜೊತೆ ರಾಕ್ ಅನ್ನು ಬೆಸೆದವು. ಥ್ರ್ಯಾಶ್ ಆ ದಾರಿ ಹಿಡಿಯಲಿಲ್ಲ. ವಚನಕಾರರ ಸಿಟ್ಟು, ಬಂಡಾಯದ ಕಾವ್ಯದ ಕಿಚ್ಚು, ಒತ್ತಕ್ಷರಗಳ ಪೆಟ್ಟು ಈ ಸಂಗೀತಕ್ಕೆ ಹೇಳಿ ಮಾಡಿಸಿದಂತಿವೆ. ಮದ್ಯದ ಹಿಡಿತಕ್ಕೆ ಸಿಕ್ಕ ಮನೆಗಳು, ಸಾಲದಲ್ಲಿ ಮುಳುಗಿದ ಕಬ್ಬು ಬೆಳೆಗಾರರು, ದುಡ್ಡಿಗೆ ಬಾಯಿಬಿಡುವ ದೇವಮಾನವರು ನಮ್ಮಲ್ಲೂ ಇದ್ದಾರೆ. ಕೋಪನ್‌ಹೇಗನ್‌ನ ಆ ಹುಡುಗರು ತಮ್ಮ ಕಾಲದ ಇಂಥವನ್ನೇ ಹಾಡಿದ್ದು. ಕ್ಯಾಸೆಟ್ಟು ಕವಿತೆಗೆ ಕೊಟ್ಟ ಮರುಹುಟ್ಟನ್ನು ನೋಡಿದ ನಾಡಿನಲ್ಲಿ ಅದೇ ಕ್ಯಾಸೆಟ್ಟು ತಂದ ಈ ಇನ್ನೊಂದು ಸಂಗೀತಕ್ಕೆ ಕನ್ನಡದ ಸಾಹಿತ್ಯ ಕೂಡಬೇಕು. ಕಟ್ಟಲು ಬಲ್ಲ ಕೈಗಳು ಬೆಂಗಳೂರಿನಲ್ಲಿವೆ, ಮೈಸೂರಿನಲ್ಲಿವೆ, ಪಾಂಡವಪುರದಲ್ಲಿ, ಕೆ.ಆರ್. ಪೇಟೆಯಲ್ಲಿ ಇಲ್ಲವೆಂದು ನಾನು ನಂಬುವುದಿಲ್ಲ.